ಸುತ್ತೂರಿಗೆ ಬರುವುದು ಯಾರ ಹೊಗೆ?

ತಲಕಾಡಿನಲ್ಲಿ ಗಾಳಿ ಮಾಡಿದ ಕೆಲಸ ಕಣ್ಣಿಗೆ ಕಾಣುತ್ತದೆ. ಕಾವೇರಿ ಪಾತ್ರದ ಮರಳನ್ನು ಮುಂಗಾರಿನ ಗಾಳಿ ವರ್ಷ ವರ್ಷವೂ ದಂಡೆಗೆ ತಂದು ಸುರಿದು, ಒಂದು ಕಾಲಕ್ಕೆ ಗಂಗರ ರಾಜಧಾನಿಯಾಗಿದ್ದ ಊರನ್ನೇ ಹೂತುಬಿಟ್ಟಿತು. ಅಲಮೇಲಮ್ಮನ ಶಾಪದ ಕಥೆ ಎಲ್ಲರಿಗೂ ಗೊತ್ತು. ಪಂಚಲಿಂಗ ದರ್ಶನಕ್ಕೆ ಹೋದವರು ಮರಳು ಸರಿಸಿ ತೆರೆದ ಗುಡಿಗಳನ್ನೂ ನೋಡಿದ್ದಾರೆ. ಗಾಳಿ ಒಂದು ಕಡೆಯ ವಸ್ತುವನ್ನು ಇನ್ನೊಂದು ಕಡೆಗೆ ಹೊತ್ತೊಯ್ಯುತ್ತದೆ ಎಂಬುದಕ್ಕೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಬೇರೆ ಪುರಾವೆ ಹುಡುಕಬೇಕಾಗಿಲ್ಲ.

ಆದರೆ ಮರಳಿನ ಪ್ರಯಾಣ ತೀರ ಚಿಕ್ಕದು. ಕಣ ದಪ್ಪ, ಭಾರ ಹೆಚ್ಚು. ಎದ್ದ ಜಾಗದಿಂದ ಸ್ವಲ್ಪ ದೂರದಲ್ಲೇ ಬೀಳುತ್ತದೆ. ಹೊಗೆಯ ಕಣದ ಕಥೆ ಬೇರೆ. ಪಿಎಂ 2.5 ಎಂದು ನಾವು ಕರೆಯುವ, 2.5 ಮೈಕ್ರಾನ್‌ಗಿಂತ ಸಣ್ಣ ಕಣ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಒಂದು ಮಿಲಿಮೀಟರಿನ ಐದರಲ್ಲೊಂದು ಭಾಗದಷ್ಟು ಕೆಳಗಿಳಿದರೆ ಹೆಚ್ಚು. ಒಂದು ಕಿಲೋಮೀಟರ್ ಎತ್ತರದಿಂದ ನೆಲ ಮುಟ್ಟಲು ಅದಕ್ಕೆ ಸುಮಾರು ಎರಡು ತಿಂಗಳು ಬೇಕು. ಮಳೆ ತೊಳೆಯದಿದ್ದರೆ, ಗಿಡಮರ ಹಿಡಿಯದಿದ್ದರೆ ಅದು ಜಿಲ್ಲೆ ದಾಟುತ್ತದೆ, ರಾಜ್ಯ ದಾಟುತ್ತದೆ, ಸಮುದ್ರದ ಮೇಲೂ ಹೋಗುತ್ತದೆ. 1999ರಲ್ಲಿ ನಡೆದ ಇಂಡೋಎಕ್ಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನ, ಚಳಿಗಾಲದಲ್ಲಿ ಭಾರತ ಉಪಖಂಡದ ಕಂದು ಮಬ್ಬು ಹಿಂದೂ ಮಹಾಸಾಗರದ ಮೇಲೆ ಬಹುದೂರ ಹರಡಿರುವುದನ್ನು ಅಳೆದು ತೋರಿಸಿತು. ಅದರ ನೇತಾರರಲ್ಲಿ ಒಬ್ಬರಾದ ವೀರಭದ್ರನ್ ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು.

ಸಾಗರದ ಮಟ್ಟಿಗೆ ಪ್ರಶ್ನೆ ಸುಲಭ: ಉಪಖಂಡದ ಹೊಗೆ ಬಂತೇ, ಇಲ್ಲವೇ? ಕಪಿಲೆಯ ದಂಡೆಯ ಒಂದು ಹಳ್ಳಿಗೆ ಬಂದಾಗ ಅದೇ ಪ್ರಶ್ನೆ ಜಟಿಲವಾಗುತ್ತದೆ. ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ ಇರುವ ಸುತ್ತೂರಿನ ಗಾಳಿಯಲ್ಲಿ ಊರಿನದೇ ಹೊಗೆ ಎಷ್ಟು, ಪಕ್ಕದ ತಾಲ್ಲೂಕಿನದು ಎಷ್ಟು, ಪಕ್ಕದ ರಾಜ್ಯದ್ದು ಎಷ್ಟು? ಇದಕ್ಕೆ ಉತ್ತರ ಕೊಡುತ್ತೇವೆ ಎಂದು ಹೇಳುವ ಸಾಧನಗಳೇ ಸೂಕ್ಷ್ಮ ಜಾಲರಿಯ ವಾಯುಮಂಡಲ ಮಾದರಿಗಳು. ಅವು ಏನು ಹೇಳಬಲ್ಲವು, ಏನು ಹೇಳಲಾರವು ಎಂಬುದನ್ನು ಸುತ್ತೂರಿನಲ್ಲಿ ನಿಂತು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಊರಿನ ದಿಕ್ಕುಗಳನ್ನು ಗುರುತು ಮಾಡಿಕೊಳ್ಳೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದ್ದು. ಆಷಾಢದ ಗಾಳಿಯ ರಭಸ ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ. ಅರಬ್ಬಿ ಸಮುದ್ರದಿಂದ ವಯನಾಡು, ಕೊಡಗು ಹಾದು ಬರುವ ಈ ಗಾಳಿ ಮಳೆಯಲ್ಲಿ ತೊಳೆದು ಬಂದದ್ದು, ವರ್ಷದಲ್ಲೇ ಶುಭ್ರವಾದದ್ದು. ಹಾಗಿದ್ದರೂ ಅದು ಬರುವ ದಾರಿಯಲ್ಲಿ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ಇವೆ. ಮೈಸೂರು ಜಿಲ್ಲೆಯ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವ ಸೀಮೆ ಅದು. ಸೊಪ್ಪು ಕೊಯ್ದು ಬ್ಯಾರನ್‌ಗಳಲ್ಲಿ ಸೌದೆ ಉರಿಸಿ ಬೇಯಿಸುವ ಕಾಲವೂ ಮುಂಗಾರಿನದೇ. ಕೋಟೆಯಿಂದ ಸುತ್ತೂರಿಗೆ ನೇರ ಲೆಕ್ಕದಲ್ಲಿ 50 ಕಿಲೋಮೀಟರ್ ಆಸುಪಾಸು. ಸೆಕೆಂಡಿಗೆ ಐದು ಮೀಟರ್ ವೇಗದ ಗಾಳಿಗೆ ಅದು ಮೂರು ಗಂಟೆಯ ದಾರಿ.

ನವೆಂಬರ್ ಹೊತ್ತಿಗೆ ಗಾಳಿ ತಿರುಗುತ್ತದೆ. ಈಗ ಅದು ಮೂಡಣದ್ದು, ಕೆಲವೊಮ್ಮೆ ಈಶಾನ್ಯದ್ದು. ಈಶಾನ್ಯಕ್ಕೆ 125 ಕಿಲೋಮೀಟರ್ ದೂರದಲ್ಲಿ ಬೆಂಗಳೂರು. ನಡುವೆ ರಾಮನಗರ ಮತ್ತು ಆಲೆಮನೆಗಳ ಮಂಡ್ಯ. ಪೂರ್ವಕ್ಕೆ, ಸ್ವಲ್ಪ ಆಗ್ನೇಯಕ್ಕೆ, ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆಮಹದೇಶ್ವರ ಬೆಟ್ಟಗಳ ಆಚೆ, ಸುಮಾರು 115 ಕಿಲೋಮೀಟರ್ ದೂರದಲ್ಲಿ ತಮಿಳುನಾಡಿನ ಮೆಟ್ಟೂರು. ಅಲ್ಲಿ 1,440 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಕಪಿಲೆಯ ನೀರು ಟಿ. ನರಸೀಪುರದಲ್ಲಿ ಕಾವೇರಿಗೆ ಸೇರಿ, ಶಿವನಸಮುದ್ರದಲ್ಲಿ ಧುಮುಕಿ, ಮೇಕೆದಾಟಿನ ಕಮರಿ ದಾಟಿ ಮೆಟ್ಟೂರಿನಲ್ಲಿ ನಿಲ್ಲುತ್ತದೆ. ಚಳಿಗಾಲದ ಗಾಳಿಯದು ಇದಕ್ಕೆ ಎದುರು ದಿಕ್ಕು.

ಇವು ದೂರದವು. ಹತ್ತಿರದವು ಇನ್ನೂ ಇವೆ: ಮೈಸೂರು ನಗರ, ನಂಜನಗೂಡು ಮತ್ತು ತಾಂಡವಪುರದ ಕೈಗಾರಿಕಾ ಪ್ರದೇಶಗಳು, ಅಳಗಂಚಿಯ ಸಕ್ಕರೆ ಕಾರ್ಖಾನೆ, ಇಟ್ಟಿಗೆ ಗೂಡುಗಳು, ಕಟಾವಾದ ಗದ್ದೆಯಲ್ಲಿ ಉರಿಸುವ ಕಬ್ಬಿನ ತರಗು. ಇವೆಲ್ಲಕ್ಕಿಂತ ಹತ್ತಿರದ್ದು ಮನೆಯ ಒಲೆ. 2018ರ ಒಂದು ದೊಡ್ಡ ಅಧ್ಯಯನದ ಪ್ರಕಾರ, ಭಾರತದ ಜನ ಹೊರಗಾಳಿಯಲ್ಲಿ ಉಸಿರಾಡುವ ಪಿಎಂ 2.5ರಲ್ಲಿ ಸುಮಾರು ಕಾಲು ಭಾಗ ಮನೆಗಳಲ್ಲಿ ಉರಿಸುವ ಸೌದೆ, ಬೆರಣಿಯದ್ದು. ಮನುಷ್ಯರ ಚಟುವಟಿಕೆಯ ಬೇರಾವ ಒಂದು ಮೂಲವೂ ಅಷ್ಟು ಕೊಡುವುದಿಲ್ಲ.

ಈಗ ಲೆಕ್ಕದ ವಿಷಯ. ಗಾಳಿಯ ಚಲನೆಯನ್ನು ಅಂಕಗಣಿತದಿಂದ ಮುಂಚಿತವಾಗಿ ಹೇಳಬಹುದೆಂದು ಮೊದಲು ಗಂಭೀರವಾಗಿ ಪ್ರಯತ್ನಿಸಿದವನು ಬ್ರಿಟನ್ನಿನ ಲೂಯಿ ಫ್ರೈ ರಿಚರ್ಡ್‌ಸನ್. ಭೂಪಟವನ್ನು ಸುಮಾರು 200 ಕಿಲೋಮೀಟರಿನ ಚೌಕಗಳಾಗಿ ಸೀಳಿ, ಒಂದೊಂದು ಚೌಕದ ಒತ್ತಡ, ಗಾಳಿ, ತೇವಗಳನ್ನು ಕೈಯಲ್ಲೇ ಲೆಕ್ಕ ಹಾಕಿದ. ಆರು ಗಂಟೆಗಳ ಮುನ್ಸೂಚನೆಗೆ ವಾರಗಟ್ಟಲೆ ದುಡಿದ. ಬಂದ ಉತ್ತರ ಭಯಂಕರ ತಪ್ಪು. ಆರು ಗಂಟೆಯಲ್ಲಿ ಒತ್ತಡ 145 ಹೆಕ್ಟೊಪಾಸ್ಕಲ್‌ನಷ್ಟು ಏರುತ್ತದೆ ಎಂದಿತು ಅವನ ಲೆಕ್ಕ. ನಿಜವಾಗಿ ಒತ್ತಡ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆದರೂ 1922ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದ. ಪ್ರಪಂಚದ ಹವೆಯ ಜತೆ ಹೆಜ್ಜೆ ಹಾಕಬೇಕಾದರೆ 64,000 ಮಂದಿ ಲೆಕ್ಕಿಗರು ಒಂದೇ ಸಭಾಂಗಣದಲ್ಲಿ ಕೂರಬೇಕು ಎಂದು ಅಂದಾಜನ್ನೂ ಬರೆದ. ತಪ್ಪು ಉತ್ತರವನ್ನು ಅಷ್ಟು ಧೈರ್ಯವಾಗಿ ಅಚ್ಚು ಹಾಕಿದವರು ವಿಜ್ಞಾನದಲ್ಲಿ ಹೆಚ್ಚಿಲ್ಲ. ವಿಧಾನ ಮಾತ್ರ ಸರಿಯಾಗಿತ್ತು, ಇವತ್ತಿಗೂ ಅದೇ ನಡೆದಿದೆ.

ಇಂದಿನ ಮಾದರಿಗಳು ಆ ಚೌಕಗಳಲ್ಲಿ ಗಾಳಿಯ ಜತೆ ಹೊಗೆಯನ್ನೂ ಲೆಕ್ಕ ಹಾಕುತ್ತವೆ. ಡಬ್ಲ್ಯುಆರ್‌ಎಫ್-ಕೆಮ್‌ನಂಥ ಮಾದರಿ ಪ್ರತಿ ಚೌಕದ ಮೇಲೂ ಹತ್ತಾರು ಪದರಗಳನ್ನು ಕಟ್ಟಿ, ಯಾವ ಪದರಕ್ಕೆ ಎಷ್ಟು ಗಂಧಕದ ಡೈಆಕ್ಸೈಡ್, ಎಷ್ಟು ಮಸಿ, ಎಷ್ಟು ಅಮೋನಿಯಾ ಸೇರಿತು, ಬಿಸಿಲಿನಲ್ಲಿ ಅವು ಏನಾದವು, ಗಾಳಿ ಯಾವ ಚೌಕಕ್ಕೆ ತಳ್ಳಿತು, ಮಳೆ ಎಷ್ಟನ್ನು ಇಳಿಸಿತು ಎಂದು ಕ್ಷಣ ಕ್ಷಣವೂ ಜಮಾಖರ್ಚು ಬರೆಯುತ್ತದೆ. ಇನ್ನೊಂದು ಬಗೆ ಹೈಸ್ಪ್ಲಿಟ್‌ನಂಥದ್ದು: ಊರಿಗೆ ಬಂದ ಗಾಳಿಯ ತುಣುಕನ್ನು ಹಿಡಿದು, ಅದು ನಿನ್ನೆ ಎಲ್ಲಿತ್ತು, ಮೊನ್ನೆ ಎಲ್ಲಿತ್ತು ಎಂದು ಹಿಂದಕ್ಕೆ ಜಾಡು ಹಿಡಿಯುತ್ತದೆ. ಎರಡನೆಯದು ಅಗ್ಗ, ಕಾಲೇಜಿನ ಹುಡುಗರೂ ಓಡಿಸಬಹುದು. ಆದರೆ ದಾರಿ ತೋರಿಸುತ್ತದೆಯೇ ಹೊರತು, ದಾರಿಯಲ್ಲಿ ಯಾರು ಎಷ್ಟು ಸುರಿದರು ಎಂದು ತಾನಾಗಿ ಹೇಳುವುದಿಲ್ಲ. ನಮ್ಮ ಪ್ರಬಂಧಗಳಲ್ಲಿ ಈ ಜಾಡಿನ ಗೆರೆಗಳನ್ನೇ ಅಪರಾಧದ ಸಾಕ್ಷಿಯಂತೆ ಬಳಸುವ ಚಾಳಿ ಬೆಳೆದಿದೆ. ಗೆರೆ ಬೆಂಗಳೂರಿನ ಮೇಲೆ ಹಾದ ಮಾತ್ರಕ್ಕೆ ಹೊಗೆ ಬೆಂಗಳೂರಿನದಾಗುವುದಿಲ್ಲ.

ಚೌಕದ ಅಳತೆ ಎಲ್ಲಿ ಮುಖ್ಯವಾಗುತ್ತದೆ? ಯುರೋಪಿನ ಕೋಪರ್ನಿಕಸ್ ಸೇವೆ ಇಡೀ ಜಗತ್ತಿಗೆ ನಿತ್ಯ ಕೊಡುವ ವಾಯುಮಾಲಿನ್ಯ ಮುನ್ಸೂಚನೆಯ ಚೌಕ ಸುಮಾರು 40 ಕಿಲೋಮೀಟರಿನದು. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ನೇರವಾಗಿ ಇರುವುದೇ ಸುಮಾರು 25 ಕಿಲೋಮೀಟರ್. ಅಂದರೆ ಮೈಸೂರು, ನಂಜನಗೂಡು, ಸುತ್ತೂರು, ನರಸೀಪುರ ನಾಲ್ಕೂ ಆ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಊರು, ನಾಲ್ಕಕ್ಕೂ ಒಂದೇ ಗಾಳಿ. ಕೈಗಾರಿಕಾ ಪ್ರದೇಶದ ಚಿಮಣಿಯಿಂದ ಹೊರಟ ಹೊಗೆ ಅದೇ ಕ್ಷಣದಲ್ಲಿ ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರಿಗೆ ಸಮನಾಗಿ ಹಂಚಿಹೋದಂತೆ. ಚೌಕವನ್ನು ಮೂರು ಕಿಲೋಮೀಟರಿಗೆ ಇಳಿಸಿದರೆ ಊರುಗಳು ಬೇರೆಯಾಗುತ್ತವೆ.

ಇದಕ್ಕೆ ಬೆಲೆ ತೆರಬೇಕು. ಚೌಕದ ಬದಿಯನ್ನು ಮೂರರಲ್ಲೊಂದು ಮಾಡಿದರೆ ಚೌಕಗಳು ಒಂಬತ್ತು ಪಟ್ಟಾಗುತ್ತವೆ. ಕಾಲದ ಹೆಜ್ಜೆಯನ್ನೂ ಮೂರರಲ್ಲೊಂದು ಮಾಡಬೇಕು. ಇಲ್ಲವಾದರೆ ಗಾಳಿ ಒಂದೇ ಹೆಜ್ಜೆಯಲ್ಲಿ ಚೌಕ ಹಾರಿಹೋಗಿ ಲೆಕ್ಕ ಸಿಡಿಯುತ್ತದೆ. ಒಟ್ಟು 27 ಪಟ್ಟು ಕೆಲಸ. 27 ಕಿಲೋಮೀಟರಿನಿಂದ ಒಂದು ಕಿಲೋಮೀಟರಿಗೆ ಇಳಿಯಲು ಅಷ್ಟೇ ಪ್ರದೇಶಕ್ಕೆ ಸುಮಾರು ಇಪ್ಪತ್ತು ಸಾವಿರ ಪಟ್ಟು. ಅದಕ್ಕೇ ದಕ್ಷಿಣ ಭಾರತಕ್ಕೆ ದೊಡ್ಡ ಚೌಕ, ಅದರೊಳಗೆ ದಕ್ಷಿಣ ಕರ್ನಾಟಕಕ್ಕೆ ಸಣ್ಣದು, ಅದರೊಳಗೆ ಮೈಸೂರು ಸೀಮೆಗೆ ಇನ್ನೂ ಸಣ್ಣದು ಎಂದು ಒಂದರೊಳಗೊಂದು ಜಾಲರಿ ಕೂರಿಸುತ್ತಾರೆ. ಒಳಗಿನ ಜಾಲರಿ ಎಷ್ಟೇ ನಯವಾಗಿರಲಿ, ಅದರ ಅಂಚಿನಿಂದ ಒಳಬರುವ ಮಾಲಿನ್ಯ ಹೊರಗಿನ ಒರಟು ಜಾಲರಿಯ ಅಂದಾಜೇ. ಸುತ್ತೂರಿನಂಥ, ದೊಡ್ಡ ಮೂಲಗಳು ದೂರ ಇರುವ ಜಾಗಕ್ಕೆ ಈ ಅಂಚಿನ ಬಾಬ್ತೇ ದೊಡ್ಡದು.

ಹಾಗಾದರೆ ಇಪ್ಪತ್ತು ಸಾವಿರ ಪಟ್ಟು ಖರ್ಚಿಗೆ ಏನು ಸಿಗುತ್ತದೆ? ನನ್ನ ಉತ್ತರ: ಮೂಡಣ ದಿಕ್ಕಿನಲ್ಲಿ ಬಹಳ, ಪಡುವಣದಲ್ಲಿ ಸ್ವಲ್ಪವೇ.

ಮೂಡಣದ್ದನ್ನು ನೋಡಿ. ಮೆಟ್ಟೂರು ಅಣೆಕಟ್ಟೆಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 790 ಅಡಿ; ಸುತ್ತೂರಿನ ಬಯಲು ಎರಡು ಸಾವಿರ ಅಡಿ ಮೀರಿದ್ದು; ನಡುವಿನ ಬಿಳಿಗಿರಿಯ ಸಾಲು ಐದು ಸಾವಿರ ಅಡಿಗೂ ಮೇಲೇರುತ್ತದೆ. ಮೆಟ್ಟೂರಿನ ಹೊಗೆ ಇಲ್ಲಿಗೆ ಬರಬೇಕಾದರೆ ಘಟ್ಟ ಹತ್ತಬೇಕು, ಇಲ್ಲವೇ ಬೆಟ್ಟಗಳ ಬಡಗಣ ಅಂಚಿನಲ್ಲಿ, ಕಾವೇರಿಯ ಕಮರಿಯಲ್ಲಿ ನುಸುಳಬೇಕು. ಒರಟು ಜಾಲರಿಯಲ್ಲಿ ಈ ಬೆಟ್ಟಗಳು ತಮ್ಮ ಎತ್ತರವನ್ನೇ ಕಳೆದುಕೊಳ್ಳುತ್ತವೆ. ಶಿಖರ, ಕಣಿವೆ, ಬಯಲು ಎಲ್ಲ ಸೇರಿ ಸರಾಸರಿಯಾಗಿ ಒಂದು ಇಳಿಜಾರು ಮಾತ್ರ ಉಳಿಯುತ್ತದೆ. ಆ ಇಳಿಜಾರಿನ ಮೇಲೆ ಹೊಗೆ ಸಲೀಸಾಗಿ ಹತ್ತಿ ಬರುತ್ತದೆ, ಕಾಗದದ ಮೇಲೆ. ಕಮರಿಯಂತೂ ಇಲ್ಲವೇ ಇಲ್ಲ. ನಯವಾದ ಜಾಲರಿಯಲ್ಲಿ ಬೆಟ್ಟ ಬೆಟ್ಟವಾಗುತ್ತದೆ. ಚಳಿಗಾಲದ ರಾತ್ರಿ ತಣ್ಣನೆಯ ಗಾಳಿ ಕೆಳಗೇ ಕೂತು, ಘಟ್ಟದ ಕೆಳಗಿನ ಹೊಗೆ ಅಲ್ಲೇ ನಿಲ್ಲುವುದು ಲೆಕ್ಕದಲ್ಲಿ ಬರುತ್ತದೆ. ಬಿಸಿಲೇರಿ ಗಾಳಿ ಕಲಕಿದಾಗ ಎಷ್ಟು ಮೇಲಕ್ಕೆ ಹತ್ತಿತು ಎಂಬುದೂ ಬರುತ್ತದೆ. ಹತ್ತುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಇಂಥ ಲೆಕ್ಕವಿಲ್ಲದೆ ಉತ್ತರವೇ ಇಲ್ಲ.

ಆದರೂ ಎರಡು ಎಚ್ಚರಿಕೆ. ಒಂದು, ಮೂರು ಕಿಲೋಮೀಟರಿನ ಜಾಲರಿ ಮೂರು ಕಿಲೋಮೀಟರಿನ ಸಂಗತಿಯನ್ನು ಕಾಣುವುದಿಲ್ಲ. ಒಂದು ಅಲೆಯನ್ನೋ ಸುಳಿಯನ್ನೋ ಸರಿಯಾಗಿ ಹಿಡಿಯಲು ಅದಕ್ಕೆ ಆರೇಳು ಚೌಕ ಬೇಕು. ಹಾಗಾಗಿ ಮೂರು ಕಿಲೋಮೀಟರಿನ ಮಾದರಿ ನಂಬಿಕೆಯಿಂದ ನೋಡಬಲ್ಲದ್ದು ಇಪ್ಪತ್ತು ಕಿಲೋಮೀಟರ್ ಅಳತೆಯ ಗಾಳಿಯನ್ನು. ನಕ್ಷೆಯ ಮೇಲೆ ಸುತ್ತೂರಿಗೊಂದು ಬಣ್ಣ, ಪಕ್ಕದ ಹಳ್ಳಿಗೊಂದು ಬಣ್ಣ ಕಂಡರೆ ಅದು ಬಣ್ಣದ ನಯ. ತಿಳಿವಳಿಕೆಯ ನಯ ಅಲ್ಲ. ಎರಡು, ದಿಕ್ಕಿನ ತಪ್ಪು. ಮೆಟ್ಟೂರಿನಿಂದ 115 ಕಿಲೋಮೀಟರ್ ಬರುವಷ್ಟರಲ್ಲಿ ಗಾಳಿಯ ದಿಕ್ಕು ಹತ್ತೇ ಡಿಗ್ರಿ ತಪ್ಪಿದರೆ ಹೊಗೆಯ ಪಟ್ಟೆ 20 ಕಿಲೋಮೀಟರ್ ಪಕ್ಕಕ್ಕೆ ಸರಿಯುತ್ತದೆ. ಸುತ್ತೂರಿಗೆ ಬರಬೇಕಾದದ್ದು ಚಾಮರಾಜನಗರದ ಕಡೆ ಹೋಗುತ್ತದೆ. ಗಾಳಿ ಮಂದವಾಗಿದ್ದಾಗ ಮಾದರಿಗಳಲ್ಲಿ 20–30 ಡಿಗ್ರಿಯ ತಪ್ಪು ಅಪರೂಪವಲ್ಲ. ಚಳಿಗಾಲದ ಗಾಳಿ ಬಹುಪಾಲು ಮಂದವೇ. ಗಾಳಿ ಪೂರ್ವದಿಂದ ಸ್ವಲ್ಪ ಬಡಗಣಕ್ಕೆ ಸರಿದರೆ ಆರೋಪಿ ಬೆಂಗಳೂರು, ಸ್ವಲ್ಪ ತೆಂಕಣಕ್ಕೆ ಸರಿದರೆ ಮೆಟ್ಟೂರು. ಒಂದು ದಿನದ ನಕ್ಷೆಯಿಂದ ಇಂಥ ತೀರ್ಮಾನಕ್ಕೆ ಬರಕೂಡದು. ಇಡೀ ಋತುವನ್ನು, ಅದೂ ಹಲವು ವರ್ಷಗಳದ್ದನ್ನು, ಒಟ್ಟಿಗೆ ಓಡಿಸಿ ನೋಡಬೇಕು.

ಪಡುವಣ ದಿಕ್ಕಿನಲ್ಲಿ ಈ ಕಷ್ಟವಿಲ್ಲ. ಹೆಗ್ಗಡದೇವನಕೋಟೆಯಿಂದ ಸುತ್ತೂರಿನವರೆಗೆ ಬಹುಪಾಲು ಏರಿಳಿತದ ಬಯಲು. ಆಷಾಢದ ಗಾಳಿಯ ದಿಕ್ಕನ್ನು ಯಾವ ಮಾದರಿಯೂ ತಪ್ಪುವುದಿಲ್ಲ. ಇಲ್ಲಿ ಹತ್ತು ಕಿಲೋಮೀಟರಿನ ಜಾಲರಿಯೂ ಸಾಕು. ಸಾಲದಿರುವುದು ನೆಲದ ಲೆಕ್ಕ. ಯಾವ ವಾರ ಎಷ್ಟು ಬ್ಯಾರನ್ ಉರಿಯುತ್ತಿವೆ, ಸೌದೆ ಒಣಗಿದ್ದೋ ಹಸಿಯೋ, ಎಷ್ಟು ಹೊತ್ತು? ಮಾದರಿಗೆ ಇದನ್ನು ಯಾರೋ ಹೇಳಬೇಕು. ಜಗತ್ತಿನ ಸಂಶೋಧಕರು ಸಾಮಾನ್ಯವಾಗಿ ಎತ್ತಿಕೊಳ್ಳುವ ಎಡ್ಗಾರ್ ಎಂಬ ಹೊಗೆಪಟ್ಟಿಯ ಚೌಕ ಸುಮಾರು 11 ಕಿಲೋಮೀಟರಿನದು. ದೇಶದ ಒಟ್ಟು ಇಂಧನ ಬಳಕೆಯನ್ನು ಜನಸಂಖ್ಯೆ, ರಸ್ತೆ ಇತ್ಯಾದಿಗಳ ಆಧಾರದ ಮೇಲೆ ಹಂಚಿ ಮಾಡಿದ್ದು. ಒಂದು ಕಿಲೋಮೀಟರಿನ ಗಾಳಿಗೆ ಹನ್ನೊಂದು ಕಿಲೋಮೀಟರಿನ ಹೊಗೆ ಹಾಕಿದರೆ ಬರುವ ಉತ್ತರವನ್ನು ಒಂದು ಕಿಲೋಮೀಟರಿನದು ಎಂದು ಕರೆಯುವುದು ಹೇಗೆ? ಆದರೂ ಕರೆಯುತ್ತಾರೆ.

ನಮ್ಮ ಸೀಮೆಯ ಕೆಲವು ಸಂಗತಿಗಳಂತೂ ಹೊರಗಿನ ಪಟ್ಟಿಗೆ ಹೊಳೆಯುವಂಥವೇ ಅಲ್ಲ. ರಾಷ್ಟ್ರೀಯ ಹೆದ್ದಾರಿ 766 ಕೊಳ್ಳೇಗಾಲ, ಟಿ. ನರಸೀಪುರ, ಮೈಸೂರು, ನಂಜನಗೂಡು, ಗುಂಡ್ಲುಪೇಟೆ ಹಾದು ಬಂಡೀಪುರದ ಮೂಲಕ ಕೇರಳಕ್ಕೆ ಹೋಗುತ್ತದೆ. ಕಾಡಿನೊಳಗೆ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಬಿಡದ ನಿಯಮ 2009ರಿಂದ ಇದೆ. ಮಾದರಿಗಳು ಎಲ್ಲ ಹೆದ್ದಾರಿಗೂ ಹಚ್ಚುವ ದಿನಚರಿಯ ಗೆರೆ, ರಾತ್ರಿ ಲಾರಿ ಹೆಚ್ಚು ಎಂಬುದು, ಇಲ್ಲಿ ನಡೆಯುವುದಿಲ್ಲ. ಇನ್ನು ಗ್ಯಾಸ್ ಸಂಪರ್ಕ. ಮನೆಗೆ ಸಿಲಿಂಡರ್ ಬಂದರೆ ಸೌದೆ ಹೋಯಿತು ಎಂಬ ಲೆಕ್ಕ ನಗರದವರದ್ದು. ಅಡುಗೆಗೆ ಗ್ಯಾಸ್ ಇದ್ದರೂ ಬಚ್ಚಲ ಹಂಡೆಗೆ ತೆಂಗಿನ ಗರಿ, ಎಡೆಮಟ್ಟೆ, ಸೌದೆ ತಪ್ಪುವುದಿಲ್ಲ. ಅದೂ ಬೆಳಗಿನ ಜಾವ, ನದಿಯಂಚಿನಲ್ಲಿ ಕಾವಳ ಕವಿದು ಗಾಳಿ ಮೇಲೇಳದ ಹೊತ್ತಿನಲ್ಲಿ. ಒಂದು ಹಂಡೆ ಒಲೆಯ ಹೊಗೆ ಆ ಹೊತ್ತಿನಲ್ಲಿ ಮೂಗಿನ ಮಟ್ಟದಲ್ಲಿ ಮಾಡುವ ಕೆಲಸವನ್ನು ಮಧ್ಯಾಹ್ನ ಹತ್ತು ಒಲೆಗಳು ಮಾಡಲಾರವು. ಮಾದರಿಗಳ ದುರ್ಬಲ ಗಳಿಗೆಯೂ ಇದೇ: ಚಳಿಗಾಲದ ನಿಶ್ಚಲ ರಾತ್ರಿಯ ತೆಳುಪದರವನ್ನು ಅವು ಬೇಗ ಕಲಕಿಬಿಡುತ್ತವೆ.

ಅದೇ ರೀತಿ, ಭತ್ತದ ಹುಲ್ಲು ಪಂಜಾಬಿನಲ್ಲಿ ಬೆಂಕಿಗೆ, ಇಲ್ಲಿ ದನಕ್ಕೆ. ಉತ್ತರದ ಅಂಕಿಯನ್ನು ದಕ್ಷಿಣದ ಗದ್ದೆಗೆ ಹಚ್ಚಿದರೆ ಇಲ್ಲದ ಹೊಗೆ ಹುಟ್ಟುತ್ತದೆ. ಸುತ್ತೂರು ಜಾತ್ರೆಯ ದಿನಗಳಲ್ಲಿ ಲಕ್ಷಾಂತರ ಜನ, ಅವರ ವಾಹನ, ರಸ್ತೆಯ ಧೂಳು, ದಾಸೋಹದ ಒಲೆ ಎಲ್ಲ ಒಂದು ಸಣ್ಣ ಊರಿಗೆ ಬರುತ್ತವೆ. ವಾರ್ಷಿಕ ಸರಾಸರಿಯ ಪಟ್ಟಿಗೆ ಜಾತ್ರೆ ಗೊತ್ತಿಲ್ಲ. ಕಾಡ್ಗಿಚ್ಚಿನ ವಿಷಯದಲ್ಲಿ ಮಾತ್ರ ಸ್ಥಿತಿ ಚೆನ್ನಾಗಿದೆ: 2019ರ ಫೆಬ್ರವರಿಯಲ್ಲಿ ಬಂಡೀಪುರದ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಾಗ ಉಪಗ್ರಹಗಳು ಅದನ್ನು ದಿನದಿನವೂ ಕಂಡವು. ಆ ತಿಂಗಳ ಮೂಡಣ ಗಾಳಿಗೆ ಅಂಥ ಹೊಗೆಯ ಸಹಜ ದಾರಿ ವಯನಾಡಿನ ಕಡೆ; ನಂಜನಗೂಡಿನವರು ದೂರದಲ್ಲಿ ಉರಿ ಕಂಡರೂ ಹೊಗೆಯ ಪಾಲು ಪಡೆದವರು ಹೆಚ್ಚಾಗಿ ಬೆಟ್ಟದ ಆಚೆಯವರು.

ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆದದ್ದು ದೆಹಲಿಯ ಸುತ್ತ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಸಮಯಕ್ಕೆ ಸಫರ್ ಎಂಬ ವ್ಯವಸ್ಥೆಯನ್ನು ನಿಲ್ಲಿಸಿತು. 2018ರಲ್ಲಿ ರಾಜಧಾನಿಗೆ ಮುನ್ನೆಚ್ಚರಿಕೆ ವ್ಯವಸ್ಥೆ ಬಂತು. ಆಮೇಲೆ ಅದರ ಚೌಕ 400 ಮೀಟರಿಗೆ ಇಳಿಯಿತು. 2025ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ಆರು ಕಿಲೋಮೀಟರಿನ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಬಂದಿದೆ. ಅದು ಹವಾಮಾನದ್ದು, ಹೊಗೆಯದ್ದಲ್ಲ, ಆದರೆ ಹೊಗೆಯ ಲೆಕ್ಕಕ್ಕೆ ಬೇಕಾದ ಗಾಳಿ ಅದರಿಂದ ಸಿಗುತ್ತದೆ. ಬೆಂಗಳೂರಿಗೆ ಸರತ್ ಗುತ್ತಿಕುಂಡ ಮತ್ತು ಜತೆಗಾರರು 2015ನ್ನು ಆಧಾರವಾಗಿಟ್ಟು ಒಂದು ಕಿಲೋಮೀಟರ್ ಚೌಕದ ಹೊಗೆಪಟ್ಟಿ ಮಾಡಿದರು. ನಗರದ ಪಿಎಂ 2.5ರಲ್ಲಿ ಅರ್ಧಕ್ಕಿಂತ ಹೆಚ್ಚು ವಾಹನ ಮತ್ತು ರಸ್ತೆ ಧೂಳಿನದು ಎಂದರು. ಬೆಂಗಳೂರಿನ ಸಿಸ್ಟೆಪ್ ಸಂಸ್ಥೆಯೂ ಇಂಥ ಕೆಲಸ ಮಾಡಿದೆ. ಕೇಂದ್ರ ಪರಿಸರ ಸಚಿವಾಲಯದ ಹಣದಲ್ಲಿ ಐಐಟಿ ಬಾಂಬೆಯ ಮುಂದಾಳ್ತನದಲ್ಲಿ ನಡೆದ ಕೋಲೆಸ್ ಯೋಜನೆ, ನಗರದ ಹೊಗೆಯನ್ನಲ್ಲ, ಪ್ರದೇಶದ ಗಾಳಿಯನ್ನು ಅಳೆಯಲು ದೇಶದ ಹನ್ನೊಂದು ಜಾಗ ಆರಿಸಿತು. ಮೈಸೂರು ಅದರಲ್ಲಿ ಒಂದು. ಮೈಸೂರು ಸೀಮೆಯ ಗಾಳಿಯ ಬಗ್ಗೆ ನಮಗೆ ಸಿಕ್ಕಿರುವ ಬೆಲೆಬಾಳುವ ಅಳತೆಗಳಲ್ಲಿ ಅದೂ ಒಂದು.

ಆಡಳಿತದ ಕಣ್ಣಿಗೆ ಮಾತ್ರ ಈ ಸೀಮೆ ಬಿದ್ದಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಮೈಸೂರು ಇಲ್ಲ. ಪಿಎಂ 2.5ಕ್ಕೆ ನಮ್ಮ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಐದಕ್ಕೂ ನಲವತ್ತಕ್ಕೂ ನಡುವೆ ಇರುವ ಊರುಗಳಲ್ಲಿ ಬಹಳಷ್ಟು ಯಾವ ಕಾರ್ಯಕ್ರಮಕ್ಕೂ ಸೇರುವುದಿಲ್ಲ. ಆದರೆ ಹೊರಗಿನಿಂದ ಬರುವ ಹೊಗೆಯ ಪ್ರಶ್ನೆ ನಿಜವಾಗಿ ಏಳುವುದು ಅಲ್ಲೇ.

ಮಾದರಿ ಹೇಳಿದ್ದು ಸರಿಯೇ ಎಂದು ನೋಡಲು ನೆಲದ ಅಳತೆ ಬೇಕು. ನಿರಂತರ ಮಾಪನ ಕೇಂದ್ರಗಳು ಈ ಭಾಗದಲ್ಲಿ ಇರುವುದು ಮೈಸೂರಿನ ಹೆಬ್ಬಾಳದಲ್ಲಿ, ಚಾಮರಾಜನಗರದಲ್ಲಿ, ಮಡಿಕೇರಿಯ ಸ್ಟುವರ್ಟ್ ಹಿಲ್‌ನಲ್ಲಿ. ಎಲ್ಲವೂ ಜಿಲ್ಲಾ ಕೇಂದ್ರಗಳು. ಉಪಗ್ರಹ ಹಳ್ಳಿಯನ್ನೂ ನೋಡುತ್ತದೆ, ಆದರೆ ನೆಲದಿಂದ ಮುಗಿಲಿನವರೆಗಿನ ಒಟ್ಟು ಮಬ್ಬನ್ನು, ಅದೂ ಮೋಡವಿಲ್ಲದಾಗ. ಬ್ಯಾರನ್ ಉರಿಯುವ ತಿಂಗಳುಗಳಲ್ಲಿ ಮೈಸೂರು ಸೀಮೆಯ ಮೇಲೆ ಮೋಡ ಬಿಡುವುದೇ ಕಡಿಮೆ.

ಇಲ್ಲೊಂದು ವಿಚಿತ್ರವಿದೆ. ಮಳೆಯ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಮೇಲ್ಪಂಕ್ತಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ ನಿಲ್ಲಿಸಿದೆ. ಗಾಳಿಯ ದಿಕ್ಕು, ವೇಗ, ತೇವಾಂಶ ಅಲ್ಲಿ ಆಗಲೇ ದಾಖಲಾಗುತ್ತಿವೆ. ಕಂಬವಿದೆ, ಸೌರಫಲಕವಿದೆ, ಮಾಹಿತಿ ಕಳಿಸುವ ವ್ಯವಸ್ಥೆ ಇದೆ. ಅದೇ ಕಂಬಗಳಲ್ಲಿ ಆಯ್ದ ಕೆಲವಕ್ಕೆ ಕಣಮಾಪಕ ಕಟ್ಟಿದರೆ ಸೂಪರ್‌ಕಂಪ್ಯೂಟರಿನ ಖರ್ಚಿನ ಸಣ್ಣ ಪಾಲೂ ಆಗದು. ಅಗ್ಗದ ಸಂವೇದಕಗಳು ಮಂಜಿನ ಹನಿಯನ್ನೂ ಧೂಳೆಂದು ಎಣಿಸಿಬಿಡುತ್ತವೆ ಎಂಬುದು ನಿಜ. ಮಾರ್ಗಶಿರದ ಬೆಳಗ್ಗೆ ಕಪಿಲೆಯ ದಂಡೆಯಲ್ಲಿ ಅವು ಸುಳ್ಳು ಹೇಳುತ್ತವೆ. ಆದರೆ ತೇವಾಂಶದ ಅಳತೆ ಅದೇ ಕಂಬದಲ್ಲಿ ಇರುವುದರಿಂದ ಆ ಸುಳ್ಳನ್ನು ತಿದ್ದಲು ಬರುತ್ತದೆ; ಒಂದೆರಡನ್ನು ಹೆಬ್ಬಾಳದ ಯಂತ್ರದ ಪಕ್ಕದಲ್ಲೇ ಕೆಲವು ತಿಂಗಳು ಇಟ್ಟು ಹದ ನೋಡಬೇಕು, ಅಷ್ಟೇ.

ಜಾಲರಿಯ ನಯಕ್ಕಿಂತ ಅಳತೆಯ ಶಿಸ್ತು ದೊಡ್ಡದು ಎಂಬುದಕ್ಕೆ ಯುರೋಪಿನ ಇತಿಹಾಸ ಸಾಕ್ಷಿ. 1967ರ ಹೊತ್ತಿಗೆ ಸ್ವೀಡನ್ನಿನ ಮಣ್ಣುವಿಜ್ಞಾನಿ ಸ್ವಾಂಟೆ ಓಡೆನ್, ತಮ್ಮ ಕೆರೆಗಳಿಗೆ ಬೀಳುವ ಆಮ್ಲ ಬ್ರಿಟನ್ ಮತ್ತು ನಡು ಯುರೋಪಿನ ಚಿಮಣಿಗಳದ್ದು ಎಂದರು. ವರ್ಷಗಟ್ಟಲೆ ವಾಗ್ವಾದ ನಡೆಯಿತು. 1979ರಲ್ಲಿ ಜಿನೀವಾದಲ್ಲಿ ಒಪ್ಪಂದವಾಯಿತು. ಅದಕ್ಕೂ ಎರಡು ವರ್ಷ ಮೊದಲೇ ದೇಶಗಳೆಲ್ಲ ಸೇರಿ ಅಳತೆ ಮತ್ತು ಲೆಕ್ಕದ ಒಂದು ಜಂಟಿ ಕಾರ್ಯಕ್ರಮ ಆರಂಭಿಸಿದ್ದವು. ಯಾರ ಗಂಧಕ ಯಾರ ನೆಲಕ್ಕೆ ಎಷ್ಟು ಬಿತ್ತು ಎಂಬ ದೇಶವಾರು ಕೋಷ್ಟಕ ಅದರಿಂದ ವರ್ಷ ವರ್ಷವೂ ಬಂತು. 1985ರಲ್ಲಿ ಹೆಲ್ಸಿಂಕಿಯಲ್ಲಿ ಗಂಧಕವನ್ನು ಶೇ. 30ರಷ್ಟು ಇಳಿಸುವ ಕರಾರಾಯಿತು. ಆ ಕಾಲದ ಲೆಕ್ಕದ ಚೌಕ ಎಷ್ಟು ದೊಡ್ಡದು? 150 ಕಿಲೋಮೀಟರ್. ಇವತ್ತಿನ ಯಾವ ಸಂಶೋಧನಾ ವಿದ್ಯಾರ್ಥಿಯೂ ಅಂಥ ಜಾಲರಿಯನ್ನು ಮುಟ್ಟುವುದಿಲ್ಲ. ಆದರೆ ಆ ಚೌಕಕ್ಕೆ ಹಾಕಿದ ಹೊಗೆಯ ಅಂಕಿಗಳನ್ನು ಆಯಾ ಸರಕಾರಗಳೇ ಕೊಡುತ್ತಿದ್ದವು, ಅಳತೆ ಕೇಂದ್ರಗಳು ನಗರದಿಂದ ದೂರದ ಹಳ್ಳಿಗಾಡಿನಲ್ಲಿದ್ದವು, ಲೆಕ್ಕ ಎಲ್ಲರಿಗೂ ತೆರೆದಿತ್ತು.

ನಮ್ಮಲ್ಲಿ ನೀರಿಗೆ ಇಂಥ ಲೆಕ್ಕ ಇದೆ. ಕಾವೇರಿ ತಮಿಳುನಾಡಿಗೆ ಹೋಗುವಲ್ಲಿ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇದೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನ 177.25 ಟಿಎಂಸಿಯನ್ನು ಅಳೆಯುವುದು ಅಲ್ಲಿಯೇ. ಎರಡೂ ರಾಜ್ಯಗಳು ಜಗಳವಾಡುತ್ತವೆ, ಆದರೆ ಒಂದೇ ಮಾಪನದ ಮೇಲೆ. ಅದೇ ಕಮರಿಯಲ್ಲಿ ಚಳಿಗಾಲದ ಗಾಳಿ ಎದುರು ದಿಕ್ಕಿಗೆ ಏನನ್ನಾದರೂ ತರುತ್ತಿದ್ದರೆ ಅದನ್ನು ಅಳೆಯುವ ಹೊಣೆ ಯಾರದೂ ಅಲ್ಲ. 1981ರ ವಾಯು ಕಾಯಿದೆಯ ಅಧಿಕಾರ ರಾಜ್ಯ ಮಂಡಳಿಗಳಿಗೆ, ರಾಜ್ಯದ ಗಡಿಯೊಳಗೆ. ಗಡಿ ಮೀರಿದ ಗಾಳಿಗೆ ಸಂಸತ್ತು ಕಟ್ಟಿದ ಆಯೋಗ ಒಂದೇ, 2021ರದ್ದು, ದೆಹಲಿ ಮತ್ತು ಅದರ ನೆರೆಗೆ.

ಈ ನಡುವೆ 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ದೇಶದ ಬಹುಪಾಲು ಕಲ್ಲಿದ್ದಲು ಸ್ಥಾವರಗಳಿಗೆ ಗಂಧಕ ತೆಗೆಯುವ ಯಂತ್ರ ಕಡ್ಡಾಯವಲ್ಲ ಎಂದಿತು. 2015ರಲ್ಲಿ ತಾನೇ ಮಾಡಿದ್ದ ನಿಯಮವನ್ನು ಹತ್ತು ವರ್ಷ ಮುಂದೂಡಿ, ಕೊನೆಗೆ ಸಡಿಲಿಸಿತು. ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಮಿತಿಯೊಳಗೇ ಇದೆ ಎಂಬುದು ಸರಕಾರದ ವಾದ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯೂ ಸೇರಿ ಕೆಲವು ಸಂಸ್ಥೆಗಳ ಅಧ್ಯಯನಗಳನ್ನು ಅದು ಎತ್ತಿ ತೋರಿಸಿತು. ಟೀಕಾಕಾರರ ಮಾತು ಬೇರೆ: ಚಿಮಣಿಯ ಪಕ್ಕದಲ್ಲಿ ಅನಿಲವನ್ನು ಅಳೆದು ಪ್ರಯೋಜನವಿಲ್ಲ; ಅದು ಗಂಟೆಗೆ ಶೇಕಡಾ ಒಂದೆರಡರಂತೆ ಸಲ್ಫೇಟ್ ಕಣವಾಗಿ ಬದಲಾಗುತ್ತ ನೂರಾರು ಕಿಲೋಮೀಟರ್ ಹೋಗುತ್ತದೆ, ಅಲ್ಲಿ ಅದು ಪಿಎಂ 2.5ರ ಲೆಕ್ಕಕ್ಕೆ ಸೇರುತ್ತದೆ. ಈ ವಾದದಲ್ಲಿ ನಾನು ಟೀಕಾಕಾರರ ಕಡೆ. ಮೆಟ್ಟೂರಿನಿಂದ ಸುತ್ತೂರು ಆರೇಳು ಗಂಟೆಯ ದಾರಿ. ಅಷ್ಟರಲ್ಲಿ ಸಲ್ಫೇಟ್ ಆಗುವುದು ಸಣ್ಣ ಭಾಗ, ಉಳಿದದ್ದು ಸುತ್ತೂರನ್ನೂ ದಾಟಿ ಕೊಡಗು, ವಯನಾಡಿನ ಕಡೆ ಕಣವಾಗುತ್ತ ಹೋಗುತ್ತದೆ. ಚಿಮಣಿಯ ಬುಡದ ಅಳತೆ ಇದನ್ನು ಕಾಣುವುದಿಲ್ಲ.

ಆದ್ದರಿಂದ ಕೇಳಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಕೊಳ್ಳೇಗಾಲದ ಮೂಡಣ ಅಂಚಿನಲ್ಲಿ ಒಂದು, ಹೆಗ್ಗಡದೇವನಕೋಟೆ ಮತ್ತು ನಂಜನಗೂಡಿನ ನಡುವೆ ಒಂದು, ಸುತ್ತೂರಿನ ಆಸುಪಾಸಿನಲ್ಲಿ ಒಂದು ಮಾಪನ ಕೇಂದ್ರ. ಕಣದ ತೂಕದ ಜತೆಗೆ ಅದರಲ್ಲಿ ಸಲ್ಫೇಟ್ ಎಷ್ಟು, ಸೌದೆ ಹೊಗೆಯ ಗುರುತಾದ ಲೆವೊಗ್ಲುಕೊಸಾನ್ ಎಷ್ಟು ಎಂಬ ವಿಶ್ಲೇಷಣೆ. ಬ್ಯಾರನ್‌ಗಳ, ಆಲೆಮನೆಗಳ, ಇಟ್ಟಿಗೆ ಗೂಡುಗಳ ಎಣಿಕೆ ಮತ್ತು ಉರಿಯುವ ವಾರಗಳ ಪಟ್ಟಿ. ಇದಕ್ಕೆ ಪಂಚಾಯಿತಿ, ತಂಬಾಕು ಮಂಡಳಿಯ ದಾಖಲೆ ಮತ್ತು ನಡೆದು ನೋಡುವ ಕಾಲು ಸಾಕು. ಆಮೇಲೆ ಮುಂಗಾರಿಗೆ ಹತ್ತು ಕಿಲೋಮೀಟರಿನದು, ಚಳಿಗಾಲಕ್ಕೆ ಕಾವೇರಿ ಕಮರಿಯನ್ನು ಒಳಗೊಂಡ ಒಂದು ಕಿಲೋಮೀಟರಿನದು ಎಂದು ಎರಡು ಲೆಕ್ಕ ಓಡಿಸಿ, ಮೆಟ್ಟೂರನ್ನು ಒಮ್ಮೆ ಇಟ್ಟು, ಒಮ್ಮೆ ತೆಗೆದು ನೋಡುವುದು. ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗ ಯಂತ್ರಕ್ಕೆ ಇದು ಹೊರೆಯಲ್ಲ.